ಗುಂಪಿಗೆ ಸೇರಿಸುವ ಮೊದಲು ಒಂದು ಮಾತು ಕೇಳಿ



ಇಂದಿನ ಪಾಠ ಮೊಬೈಲಿನ ಗ್ರೂಪಿನ ಬಗ್ಗೆ. "ಅದೇನು ಸಿಸ್ಟರ್, ನಮಗೆ ಗೊತ್ತಿಲ್ವಾ? ದಿನಾ ನೋಡ್ತೀವಲ್ಲ" ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಂಡರ್ಸನ್‌ಪೇಟೆಯ ಒಂದು ಸಂಘದಲ್ಲಿ ನಡೆದ ಘಟನೆ ನೋಡಿದ ಮೇಲೆ ಇದನ್ನು ಪಾಠವಾಗಿ ಬರೆಯಬೇಕು ಅನಿಸಿತು.

ಆ ಸಂಘದಲ್ಲಿ 14 ಜನ ಸದಸ್ಯರು. ಸಭೆಯ ಸಮಯ ತಿಳಿಸಲು ವಾಟ್ಸಾಪ್ ಗ್ರೂಪು ಮಾಡಿಕೊಂಡರು. ಒಬ್ಬ ಸದಸ್ಯೆಯ ಭಾವ ಬ್ಯಾಂಕಿನ ಅರ್ಜಿ ತುಂಬಿಕೊಡುತ್ತಿದ್ದರು. "ಅನುಕೂಲ ಆಗತ್ತೆ" ಅಂತ ಅವರನ್ನೂ ಒಳಗೆ ಹಾಕಿದರು. ಅರ್ಜಿಯ ಕೆಲಸ ಮುಗಿಯಿತು, ಅವರು ಗ್ರೂಪಿನಲ್ಲಿ ಇರುವುದೇ ಎಲ್ಲರಿಗೂ ಮರೆತುಹೋಯಿತು. ಕೆಲವು ತಿಂಗಳ ನಂತರ ಎರಡನೇ ಪ್ರತಿನಿಧಿ ಸಾಲದ ಪುಸ್ತಕದ ಒಂದು ಪುಟದ ಫೋಟೋ ತೆಗೆದು ಗ್ರೂಪಿಗೆ ಕಳಿಸಿದರು. ಯಾರ ಕಂತು ಎಷ್ಟು ಬಾಕಿ ಅಂತ ಎಲ್ಲರಿಗೂ ಗೊತ್ತಾಗಲಿ ಅನ್ನುವುದಷ್ಟೇ ಅವರ ಉದ್ದೇಶ. ಆ ಪುಟದಲ್ಲಿ ಆ ಸದಸ್ಯೆಯ ಹೆಸರೂ ಇತ್ತು. ಮಗಳ ಕಾಲೇಜು ಫೀಸಿಗೆ ಅಂತ ಮನೆಯಲ್ಲಿ ಹೇಳದೆ ಸಾಲ ತೆಗೆದಿದ್ದಳು. ಭಾವ ನೋಡಿದರು. ರಾತ್ರಿ ಮನೆಯಲ್ಲಿ ದೊಡ್ಡ ಜಗಳ. ಮೂರು ವಾರ ಅವಳು ಸಭೆಗೆ ಬರಲಿಲ್ಲ.

ತಪ್ಪು ಯಾರದು? ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಯಾರೂ ನೋಡಿರಲಿಲ್ಲ, ಅಷ್ಟೇ.

ಸಂಘಕ್ಕೆ ಸೇರಿಸುವುದು ಹೇಗೆ? ಗ್ರೂಪಿಗೆ ಸೇರಿಸುವುದು ಹೇಗೆ?

ನಮ್ಮ ಸಂಘಗಳಲ್ಲಿ 10ರಿಂದ 20 ಜನ ಇರುತ್ತೇವೆ. ಹೊಸಬಳು ಬರಬೇಕಾದರೆ ಏನು ಮಾಡುತ್ತೇವೆ? ಸಭೆಯಲ್ಲಿ ಹೆಸರು ಹೇಳುತ್ತೇವೆ. ಅವಳಿಗೆ ನಿಯಮ ಓದಿ ಹೇಳುತ್ತೇವೆ. ಎಲ್ಲರೂ ಒಪ್ಪಿದ ಮೇಲೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಸಹಿ ಹಾಕುತ್ತೇವೆ. ಯಾಕೆಂದರೆ ಒಳಗೆ ಬರುವವಳು ನಮ್ಮ ಉಳಿತಾಯ, ಸಾಲ, ಕಷ್ಟ ಎಲ್ಲವನ್ನೂ ತಿಳಿದುಕೊಳ್ಳುತ್ತಾಳೆ. ಫೋನಿನಲ್ಲಿ ಅದೇ ಕೆಲಸ ಎರಡು ಸಲ ಒತ್ತಿದರೆ ಮುಗಿಯಿತು. ಕೆಲಸ ಸುಲಭವಾಯಿತು, ಆದರೆ ಅದರ ಭಾರ ಕಡಿಮೆಯಾಗಿಲ್ಲ.

ಸೇರಿಸಿದಾಗ ಏನಾಗುತ್ತದೆ?

1. ಅವಳ ಫೋನ್ ನಂಬರ್ ಗ್ರೂಪಿನ ಎಲ್ಲರಿಗೂ ಕಾಣುತ್ತದೆ. ಎಲ್ಲರ ನಂಬರ್ ಅವಳಿಗೂ ಕಾಣುತ್ತದೆ. ವಾಟ್ಸಾಪಿನಲ್ಲಿ ಒಂದು ಗ್ರೂಪಿಗೆ 1024 ಜನರ ತನಕ ಸೇರಬಹುದು. ದೊಡ್ಡ ಗ್ರೂಪಿಗೆ ಹೋದರೆ ಅಷ್ಟು ಜನರ ಕೈಗೆ ನಂಬರ್ ಕೊಟ್ಟ ಹಾಗೆ.

2. ಆ ಕ್ಷಣದಿಂದ ಆಡುವ ಪ್ರತಿ ಮಾತೂ, ಪ್ರತಿ ಫೋಟೋವೂ ಅವಳಿಗೆ ಹೋಗುತ್ತದೆ.

3. ಹಳೆಯ ಮಾತು? ಇದು ಆಪ್‌ನಿಂದ ಆಪ್‌ಗೆ ಬೇರೆ. ವಾಟ್ಸಾಪಿನಲ್ಲಿ ಹಳೆಯದು ಹೊಸಬರಿಗೆ ತಾನಾಗಿಯೇ ಕಾಣುವುದಿಲ್ಲ, ಒಳಗಿನವರು ಯಾರಾದರೂ ಕಳಿಸಿಕೊಟ್ಟರೆ ಕಾಣುತ್ತದೆ. ಟೆಲಿಗ್ರಾಮಿನಲ್ಲಿ ಹಳೆಯದನ್ನು ತೋರಿಸಬೇಕೋ ಬೇಡವೋ ಅನ್ನುವುದನ್ನು ಗ್ರೂಪು ನಡೆಸುವವರು ಗೊತ್ತು ಮಾಡಬಹುದು.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಹೊಟ್ಟೆಪಾಡು ಬೆಂಗಳೂರಿನ ಕಡೆ ತಿರುಗಿತು. ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ರೈಲಿನಲ್ಲಿ ನಿಮ್ಮ ಮಕ್ಕಳು, ಸೊಸೆಯಂದಿರು ಎಷ್ಟು ಜನ ಹೋಗುತ್ತಾರೆ ಅಂತ ನಿಮಗೇ ಗೊತ್ತು. ಆಫೀಸುಗಳಲ್ಲಿ ಈಗ ಸ್ಲ್ಯಾಕ್, ಟೀಮ್ಸ್ ಅನ್ನುವ ಆಪ್‌ಗಳಲ್ಲಿ ಮಾತುಕತೆ ನಡೆಯುತ್ತದೆ. ಈ ಭಾಗವನ್ನು ಅವರಿಗೆ ಓದಿ ಹೇಳಿ.

ಸ್ಲ್ಯಾಕಿನ ಚಾನೆಲ್‌ಗೆ ಹೊಸಬರು ಸೇರಿದರೆ ಅಲ್ಲಿ ಮೊದಲು ಬರೆದಿದ್ದನ್ನೂ ಓದಬಹುದು. ಟೀಮ್ಸ್‌ನಲ್ಲಿ ಇಬ್ಬರ ಮಾತಿಗೆ ಮೂರನೆಯವರನ್ನು ಸೇರಿಸಿದರೆ ಬೇರೆಯೇ ಹೊಸ ಮಾತುಕತೆ ಶುರುವಾಗುತ್ತದೆ, ಇಬ್ಬರ ಹಳೆಯ ಮಾತು ಅಲ್ಲಿಗೆ ಬರುವುದಿಲ್ಲ. ಆದರೆ ಮೊದಲೇ ಮೂರು ನಾಲ್ಕು ಜನ ಇರುವ ಮಾತುಕತೆಗೆ ಇನ್ನೊಬ್ಬರನ್ನು ಸೇರಿಸುವಾಗ "ಹಳೆಯದನ್ನು ತೋರಿಸಬೇಕಾ? ಎಷ್ಟು ದಿನದ್ದು?" ಅಂತ ಅದು ಕೇಳುತ್ತದೆ. ಅಲ್ಲಿ ಅವಸರದಲ್ಲಿ 'ಎಲ್ಲಾ' ಅಂತ ಒತ್ತಿದರೆ ಮೇಲಿನವರ ಬಗ್ಗೆ ಆಡಿದ ಮಾತು ಮೇಲಿನವರ ಕಣ್ಣಿಗೇ ಬೀಳಬಹುದು. ಕೆಲಸ ಹೋಗುವುದಕ್ಕೆ ಅಷ್ಟೇ ಸಾಕು.

ಇಬ್ಬರ ಒಪ್ಪಿಗೆ ಬೇಕು

ಮೊದಲನೆಯದು, ಒಳಗೆ ಬರುವವಳ ಒಪ್ಪಿಗೆ. "ಅಕ್ಕಾ, ನಮ್ಮ ಸಂಘದ ಗ್ರೂಪಿಗೆ ನಿಮ್ಮನ್ನ ಹಾಕ್ಲಾ? ಇಂಥಿಂಥವರು ಇದಾರೆ, ಸಭೆ ವಿಷಯ ಮಾತ್ರ ಬರತ್ತೆ" ಅಂತ ಕೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಎಷ್ಟೋ ಹೆಂಗಸರ ಕೈಯಲ್ಲಿರುವುದು ಗಂಡನ ಫೋನು, ಮಗನ ಫೋನು. ಅವಳನ್ನು ಸೇರಿಸಿದರೆ ಅವಳ ಮನೆಯನ್ನೇ ಸೇರಿಸಿದ ಹಾಗೆ.

ಎರಡನೆಯದು, ಒಳಗೆ ಇರುವವರ ಒಪ್ಪಿಗೆ. ಇದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಬ್ಯಾಂಕಿನವರಾಗಲಿ, ಒಕ್ಕೂಟದ ಕಾರ್ಯಕರ್ತೆಯಾಗಲಿ, ನಾನೇ ಆಗಲಿ, ಸಭೆಯಲ್ಲಿ ಕೇಳದೆ ಸೇರಿಸಬೇಡಿ. ಸೇರಿಸಿದ ಮೇಲೆ "ಇವತ್ತಿನಿಂದ ಇವರು ಇದ್ದಾರೆ, ಇಂಥ ಕೆಲಸಕ್ಕೆ" ಅಂತ ಒಂದು ಮಾತು ಹಾಕಿ. ಕೆಲಸ ಮುಗಿದ ದಿನವೇ ಅವರಿಗೆ ವಂದನೆ ಹೇಳಿ ತೆಗೆಯಿರಿ.

ಒಬ್ಬಳ ಸಾಲದ ವಿಷಯಕ್ಕೆ ಹೊರಗಿನವರ ಸಹಾಯ ಬೇಕಾದರೆ ಅವರನ್ನು ಸಂಘದ ಗ್ರೂಪಿಗೆ ಎಳೆಯಬೇಡಿ. ಆ ಸದಸ್ಯೆ, ಪ್ರತಿನಿಧಿ, ಸಹಾಯ ಮಾಡುವವರು, ಈ ಮೂವರೇ ಬೇರೆ ಮಾತಾಡಿಕೊಳ್ಳಿ.

ಗ್ರೂಪು ಸಭೆಯಲ್ಲ

ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ, ಈ ಪಂಚಸೂತ್ರ ನಿಮಗೆ ಬಾಯಿಪಾಠ. ಇವುಗಳಲ್ಲಿ ಯಾವುದೂ ಫೋನಿನಲ್ಲಿ ನಡೆಯುವಂಥದ್ದಲ್ಲ. ಗ್ರೂಪು ಅಂದರೆ ಸಭೆಗೆ ಹೊಡೆಯುವ ಗಂಟೆ. ಸಮಯ, ಜಾಗ, ತರಬೇತಿ, ಬ್ಯಾಂಕಿಗೆ ಹೋಗುವ ದಿನ, ಇಷ್ಟು ಸಾಕು. ಬಾಕಿ ಪಟ್ಟಿ, ಪಾಸ್ ಪುಸ್ತಕ, ಆಧಾರ್ ಕಾರ್ಡಿನ ಫೋಟೋ, ಒಟಿಪಿ, ಒಬ್ಬರ ಕಾಯಿಲೆ, ಮನೆ ಜಗಳ, ಇವು ಬೇಡವೇ ಬೇಡ.

ಇನ್ನೊಂದು ವಿಷಯ. ಸೇರಿಸದೆ ಬಿಡುವುದೂ ನೋವು ಕೊಡುತ್ತದೆ. ಫೋನಿಲ್ಲದ ಇಬ್ಬರು ಸದಸ್ಯರಿದ್ದರೆ, ಉಳಿದವರು ಗ್ರೂಪಿನಲ್ಲೇ ತೀರ್ಮಾನ ಮಾಡಿಬಿಟ್ಟರೆ, ಆ ಇಬ್ಬರೂ ಹೊರಗಿನವರಾದರು. ಆದ್ದರಿಂದ ಯಾವ ತೀರ್ಮಾನವೂ ಫೋನಿನಲ್ಲಿ ಬೇಡ. ಫೋನಿಲ್ಲದವಳಿಗೆ ಪಕ್ಕದ ಮನೆಯ ಸದಸ್ಯೆ ಹೋಗಿ ಹೇಳುವ ಜವಾಬ್ದಾರಿ ವಹಿಸಿಕೊಳ್ಳಲಿ. ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲಾ ಮಾತಾಡುವವರಿದ್ದಾರೆ. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ವಾಯ್ಸ್ ಮೆಸೇಜ್ ಕಳಿಸಿ.

ಫೋನಿನಲ್ಲಿ ಮಾಡಬೇಕಾದ್ದು

ಗ್ರೂಪು ನಡೆಸುವವರು: ಇಬ್ಬರು ಅಡ್ಮಿನ್ ಇರಲಿ, ಇಬ್ಬರೂ ಸಂಘದ ಸದಸ್ಯರೇ ಆಗಿರಲಿ. ಗ್ರೂಪಿನ ಸೆಟ್ಟಿಂಗ್ಸ್‌ನಲ್ಲಿ ಹೊಸಬರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಮಾಡಿ. ಸೇರುವ ಲಿಂಕು ಹೊರಗೆ ಹೋಗಿದ್ದರೆ ಅದನ್ನು ರೀಸೆಟ್ ಮಾಡಿ, ಹಳೆಯ ಲಿಂಕು ಆಮೇಲೆ ಕೆಲಸ ಮಾಡುವುದಿಲ್ಲ. ತಪ್ಪಾಗಿ ಹಾಕಿದ ಫೋಟೋವನ್ನು ಅಡ್ಮಿನ್ ಎಲ್ಲರಿಂದಲೂ ಅಳಿಸಬಹುದು, ಆದರೆ ಅಷ್ಟರಲ್ಲಿ ಯಾರಾದರೂ ಉಳಿಸಿಕೊಂಡಿದ್ದರೆ ಏನೂ ಮಾಡಲಾಗದು.

"ಬೇರೆಯವರು ಏನಾದ್ರೂ ಹಾಕಿದ್ರೆ ಅಡ್ಮಿನ್‌ನ ಪೊಲೀಸರು ಹಿಡೀತಾರಂತೆ, ಹೌದಾ?" ಅಂತ ತುಂಬ ಜನ ಕೇಳುತ್ತಾರೆ. ಅಡ್ಮಿನ್ ಆಗಿದ್ದ ಮಾತ್ರಕ್ಕೆ ಇನ್ನೊಬ್ಬ ಸದಸ್ಯರು ಹಾಕಿದ್ದಕ್ಕೆ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಹಾಗಂತ ಕೆಟ್ಟದ್ದು ಕಂಡರೆ ಸುಮ್ಮನಿರಬೇಡಿ. ಅಳಿಸಿ, ಹಾಕಿದವರಿಗೆ ತಿಳಿಹೇಳಿ.

ಪ್ರತಿಯೊಬ್ಬರೂ: ವಾಟ್ಸಾಪಿನ ಸೆಟ್ಟಿಂಗ್ಸ್, ಪ್ರೈವೆಸಿ, ಗ್ರೂಪ್ಸ್ ಅನ್ನುವಲ್ಲಿಗೆ ಹೋಗಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. 2019ರಿಂದ ಈ ಸೌಲಭ್ಯ ಇದೆ. ಹೀಗೆ ಮಾಡಿದರೆ ನಿಮ್ಮ ಫೋನಿನಲ್ಲಿ ನಂಬರ್ ಇಲ್ಲದವರು ನಿಮ್ಮನ್ನು ನೇರವಾಗಿ ಗ್ರೂಪಿಗೆ ಹಾಕಲಾಗುವುದಿಲ್ಲ. ಬೇಡವಾದ ಗ್ರೂಪಿನಿಂದ ಹೊರಬರಲು ಸಂಕೋಚ ಬೇಡ. 2022ರಿಂದ, ನೀವು ಹೊರಬಂದರೆ ಅಡ್ಮಿನ್‌ಗೆ ಮಾತ್ರ ಸುದ್ದಿ ಹೋಗುತ್ತದೆ. ಗೊತ್ತಿಲ್ಲದವರು "ಹಣ ಡಬಲ್", "ಮನೆಯಲ್ಲೇ ಕೆಲಸ", "ತಕ್ಷಣ ಸಾಲ" ಅನ್ನುವ ಗ್ರೂಪಿಗೆ ಹಾಕಿದರೆ ಕೂಡಲೇ ಹೊರಬನ್ನಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆ ಸಂಘ ಏನು ಮಾಡಿತು?

ಇಬ್ಬರು ಪ್ರತಿನಿಧಿಗಳೂ ಅವಳ ಮನೆಗೆ ಹೋದರು. ಫೋಟೋ ಹಾಕಿದವರು "ನಂದೇ ತಪ್ಪು ಕಣಮ್ಮಾ" ಅಂದರು. ನಾಲ್ಕನೇ ವಾರ ಅವಳು ಬಂದಳು, ಬಾಕಿ ಕಂತಿನಲ್ಲಿ ಸ್ವಲ್ಪ ಕಟ್ಟಿದಳು. ಅವತ್ತಿನ ನಡಾವಳಿಯಲ್ಲಿ ಹೀಗೆ ಬರೆದರು: "ಸಂಘದ ಗ್ರೂಪಿನಲ್ಲಿ ಸದಸ್ಯರು ಮಾತ್ರ ಇರತಕ್ಕದ್ದು. ಬೇರೆಯವರನ್ನು ಸೇರಿಸಲು ಸಭೆಯ ಒಪ್ಪಿಗೆ ಬೇಕು. ಲೆಕ್ಕದ ಫೋಟೋ ಹಾಕಕೂಡದು. ಮೂರು ತಿಂಗಳಿಗೊಮ್ಮೆ ಗ್ರೂಪಿನ ಹೆಸರುಗಳನ್ನು ಸಭೆಯಲ್ಲಿ ಓದತಕ್ಕದ್ದು." ಮಗಳು ಕಾಲೇಜು ಬಿಡಲಿಲ್ಲ. ಆದರೆ ಮನೆಯಲ್ಲಿ ಅವಳು ಕೇಳಬೇಕಾಗಿ ಬಂದ ಮಾತುಗಳನ್ನು ಯಾವ ಅಡ್ಮಿನ್ನೂ ಅಳಿಸಲಾಗಲಿಲ್ಲ.

ಸಭೆಯಲ್ಲಿ ಚರ್ಚಿಸಿ

1. ಈಗಲೇ ಗ್ರೂಪು ತೆರೆದು ಹೆಸರುಗಳನ್ನು ಗಟ್ಟಿಯಾಗಿ ಓದಿ. ಸದಸ್ಯರಲ್ಲದವರು ಎಷ್ಟು ಜನ? ಅವರನ್ನು ಯಾರು, ಯಾಕೆ ಸೇರಿಸಿದರು?

2. ನಮ್ಮಲ್ಲಿ ಸ್ವಂತ ಫೋನು ಇಲ್ಲದವರು ಯಾರು? ಅವರಿಗೆ ಸುದ್ದಿ ಮುಟ್ಟಿಸುವವರು ಯಾರು?

3. ನಮ್ಮ ಸಂಘದ ಗ್ರೂಪಿಗೆ ಒಂದು ಠರಾವು ಬರೆಯುವುದಾದರೆ ಅದರಲ್ಲಿ ಏನೇನು ಇರಬೇಕು?