ಸ್ತ್ರೀಸಂಘಗಳೂ ಜೇನುಸಾಕಣೆಯೂ

ಮಲೆನಾಡಿನ ಹಳ್ಳಿಗಳಲ್ಲಿ ಸ್ತ್ರೀಯರು ಸಂಘವಾಗಿ ಕೂಡಿ ಜೇನು ಸಾಕುವದನ್ನು ನಾವು ಮೆಚ್ಚುತ್ತೇವೆ. ಇದಕ್ಕೆ ಸ್ವಂತ ಹೊಲವು ಬೇಡ, ಹಿತ್ತಲೇ ಸಾಕು. ಆದರೆ ಸಾಲವೆತ್ತಿ ಪೆಟ್ಟಿಗೆಗಳನ್ನು ಕೊಂಡವರಲ್ಲಿ ಕೆಲವರಿಗೆ ಮೊದಲನೆಯ ಮಳೆಗಾಲದಲ್ಲಿಯೇ ನೊಣಗಳು ಹಾರಿಹೋಗಿ, ಬರಿದಾದ ಪೆಟ್ಟಿಗೆಯೂ ತೀರದ ಸಾಲವೂ ಉಳಿಯುವದುಂಟು. ಆದದರಿಂದ ಜೇನು ತೆಗೆಯುವದಕ್ಕಿಂತ ಮುಂಚೆ ನೊಣಗಳನ್ನು ಮಳೆಗಾಲ ದಾಟಿಸುವದನ್ನು ಕಲಿಯತಕ್ಕದ್ದು.

ಹೆಜ್ಜೇನು ಬಯಲಲ್ಲಿ ಒಂದೇ ಎರಿಯನ್ನು ಕಟ್ಟುವದರಿಂದ ಪೆಟ್ಟಿಗೆಯಲ್ಲಿ ನಿಲ್ಲದು. ಕತ್ತಲೆಯ ಪೊಟರೆಯಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವ ತುಡುವೆಯೇ ಸಾಕತಕ್ಕದ್ದು. ಹಿಂದೆ ಅದರ ಎರಿಯನ್ನು ಮರಿಗಳ ಸಹಿತವಾಗಿ ಕಿತ್ತು ಹಿಂಡುತ್ತಿದ್ದರು. ಜೇನು ಸಿಕ್ಕಿತು, ಕುಟುಂಬ ಹಾಳಾಯಿತು. 1851ರಲ್ಲಿ ಅಮೇರಿಕಾದ ಲ್ಯಾಂಗ್‌ಸ್ಟ್ರಾತ್ ಎಂಬ ಬೋಧಕರು, ಕಾಲು ಅಂಗುಲಕ್ಕಿಂತ ತುಸು ಹೆಚ್ಚಾದ ಸಂದನ್ನು ನೊಣಗಳು ಮುಚ್ಚದೆ ತಮ್ಮ ದಾರಿಯಾಗಿ ಬಿಡುವದನ್ನು ತಿಳಿದು, ಎತ್ತಿ ತೆಗೆಯತಕ್ಕ ಚೌಕಟ್ಟುಗಳುಳ್ಳ ಪೆಟ್ಟಿಗೆಯನ್ನು ರಚಿಸಿದರು. ತರುವಾಯ 20ನೇ ಶತಮಾನದ ಆರಂಭದಲ್ಲಿ ತಿರುಚಿನಾಪಳ್ಳಿಯ ನ್ಯೂಟನ್ ಪಾದ್ರಿಯವರು ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ಮಾಡಿದರು. ಇವುಗಳಿಂದ ಎರಿಯನ್ನು ಮುರಿಯದೆ ಜೇನು ತೆಗೆಯಬಹುದಾಯಿತು.

ಪೆಟ್ಟಿಗೆಯ ಕೆಳಗಣ ಕೋಣೆ ರಾಣಿಯದೂ ಮರಿಗಳದೂ ಆಗಿರುತ್ತದೆ; ಮೇಲಣ ಕೋಣೆಯ ಜೇನು ಮಾತ್ರವೇ ನಮ್ಮದು. ಬೇಸಿಗೆಯ ಕೊನೆಯಲ್ಲಿ ವರ್ತಕನು ಒಳ್ಳೇ ಕ್ರಯವನ್ನು ಹೇಳುವಾಗ ಕೈ ಕೆಳಗಣ ಕೋಣೆಗೆ ತಾನೇ ಇಳಿಯುವದು. ನಮ್ಮ ಕೈಯೂ ಇಳಿದದ್ದುಂಟು. ಜೂನ್ ತಿಂಗಳಿಂದ ಮಳೆ ಹಿಡಿದರೆ ಹೂವು ಕಡಿಮೆ, ಇದ್ದ ಹೂವಿಗೂ ನೊಣಗಳು ಹೋಗಲಾರವು. ಬುತ್ತಿಯಿಲ್ಲದ ಕುಟುಂಬ ಕ್ಷೀಣಿಸುವದು. ಕಾಯುವವರಿಲ್ಲದ ಎರಿಗೆ ಮೇಣದ ಹುಳು ಬೀಳುವದು. ಉಳಿದ ನೊಣಗಳು ಗೂಡು ಬಿಟ್ಟು ಹೋಗುವವು. ಬುತ್ತಿ ಸಾಲದಾದರೆ ಸಕ್ಕರೆಯನ್ನೂ ನೀರನ್ನೂ ಸಮವಾಗಿ ಕಲಸಿ ಸಾಯಂಕಾಲದಲ್ಲಿ ಪೆಟ್ಟಿಗೆಯೊಳಗೆ ಇಡಬೇಕು. ಹೊರಗೆ ಚೆಲ್ಲಬಾರದು, ಯಾಕಂದರೆ ಆ ವಾಸನೆಗೆ ಬೇರೆ ಪೆಟ್ಟಿಗೆಯ ನೊಣಗಳು ಕೊಳ್ಳೆಗೆ ಬರುವವು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆ ಹತ್ತದು.

ಸಂಘವಾಗಿ ಕೂಡುವದರಿಂದ ದೊಡ್ಡ ಲಾಭವಿದೆ. ಜೇನು ತೆಗೆಯುವ ತಿರುಗು ಯಂತ್ರವು ಒಬ್ಬಳ ಕೈಗೆ ಭಾರ. ಹತ್ತು ಮನೆಗೆ ಒಂದಾದರೆ ಸಾಕು. ಆದರೆ ಎರಿಯ ಕಣ್ಣುಗಳ ಬಹುಭಾಗಕ್ಕೆ ನೊಣಗಳು ಮೇಣದ ಮುಚ್ಚಳ ಹಾಕುವ ತನಕ ಎಲ್ಲರೂ ಕಾದಿರಬೇಕು. ಒಬ್ಬಳು ಅವಸರದಿಂದ ತೆಗೆದ ನೀರುಜೇನು ಸಂಘದ ಡಬ್ಬಿಯನ್ನೆಲ್ಲಾ ಹುಳಿಸುವದು. ಆದಕಾರಣ ಡಬ್ಬಿಗೆ ಸುರಿಯುವ ಮುಂಚೆ ಪ್ರತಿಯೊಬ್ಬಳ ಜೇನನ್ನು ಬೇರೆಯಾಗಿ ನೋಡಿ, ತೂಗಿ, ಹೆಸರಿನ ಮುಂದೆ ಬರೆದಿಡುವದು ಒಳ್ಳೇದು. ಇದು ಸಂಶಯವಲ್ಲ, ಲೆಕ್ಕ.

ಇನ್ನೊಂದು ಸಂಗತಿ. 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣ ಭಾರತದಲ್ಲಿ ಹಬ್ಬಿ ಅಸಂಖ್ಯ ತುಡುವೆ ಕುಟುಂಬಗಳನ್ನು ನಾಶಮಾಡಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುವವು. ಇದನ್ನು ನಿಶ್ಚಯವಾಗಿ ಗುಣಪಡಿಸುವ ಔಷಧವಿಲ್ಲ. ನೆರೆಯವಳಿಗೆ ಉಪ್ಪು, ಬೆಂಕಿ, ಬೀಜ ಕೊಡುವ ನಮ್ಮ ಸ್ತ್ರೀಯರು ಎರಿಯನ್ನೂ ಸ್ನೇಹದಿಂದ ಕೊಟ್ಟುಬಿಡುತ್ತಾರೆ. ಅಂಥ ಮರಿಗಳನ್ನು ಕಂಡ ಪೆಟ್ಟಿಗೆಯಿಂದ ಎರಿಯನ್ನಾಗಲಿ ಚೌಕಟ್ಟನ್ನಾಗಲಿ ಯಾರಿಗೂ ಕೊಡಬಾರದು. ಆ ದಿನವೇ ಸಂಘದವರಿಗೆಲ್ಲಾ ತಿಳಿಸಬೇಕು.