ಮಾಲೀಕರ ಫೀಸು, ಕೂಲಿಯವಳ ಕೆಮ್ಮು

ನೋಡಮ್ಮಾ, ಔದ್ಯೋಗಿಕ ಆರೋಗ್ಯದ ಮೂರು ತಿಂಗಳ ಎ.ಎಫ್.ಐ.ಎಚ್. ಕೋರ್ಸು ಮುಗಿಸಿ ಊರಿಗೇ ಬಂದೆ, ಸಂತೋಷ. ಅಲ್ಲಿ ಸೀಸ, ಕಲ್ನಾರು, ದೊಡ್ಡ ಕಾರ್ಖಾನೆಗಳ ಮಾತೇ ಹೆಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಿನ್ನ ಮುಂದೆ ಬಂದು ಕೂರುವವಳು ತೆಂಗಿನ ನಾರಿನ ಫ್ಯಾಕ್ಟರಿಯ ಹೆಂಗಸು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಬೆಳಗಿಂದ ಮಟ್ಟೆ ಪುಡಿ ಹರವಿರುತ್ತಾಳೆ, ಹುಬ್ಬೆಲ್ಲ ಕಂದು ಧೂಳು. ಸಿರಪ್ ಬರೆದು ಕಳಿಸಿಬಿಡಬೇಡ. ಏನು ಕೆಲಸ, ರಜೆ ದಿನ ಕೆಮ್ಮು ಕಮ್ಮಿ ಆಗುತ್ತಾ ಅಂತ ಕೇಳು. ಅವಳು ಹೇಳಿದ್ದು ಚೀಟಿಯಲ್ಲಿ ಬರಲಿ.

ತೊಡಕು ಆಮೇಲಿದೆ. ನಿನಗೆ ಫೀಸು ಕೊಡುವವರು ಮಾಲೀಕರು. ಎಪಿಎಂಸಿಯಲ್ಲಿ, ಮದುವೆ ಮನೆಯಲ್ಲಿ ಸಿಗುವವರು, ಹುಡುಕಿದರೆ ನಿನ್ನ ಸೋದರಮಾವನ ಕಡೆಯವರೇ ಆಗಿರುತ್ತಾರೆ. "ಡಾಕ್ಟ್ರಮ್ಮಾ, ಆಯಮ್ಮನಿಗೆ ಏನಂತೆ?" ಅಂತ ಊಟದ ಪಂಕ್ತಿಯಲ್ಲೇ ಕೇಳ್ತಾರೆ. ರೋಗದ ಹೆಸರು ಬಾಯಿಂದ ಬರಬಾರದು. ಈ ಕೆಲಸ ಮಾಡಬಹುದು, ಇಂಥದ್ದು ಬೇಡ, ಅಷ್ಟು ಹೇಳಿ ಪಾಯಸದ ಕಡೆ ತಿರುಗು. ಅಂತರರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಆಯೋಗ 1992ರಲ್ಲಿ ತಂದ ನೀತಿ ಸಂಹಿತೆಯ ಅಭಿಪ್ರಾಯವೂ ಇದೇ, ಪಾಯಸ ಒಂದು ಬಿಟ್ಟು.

ಹಾಗಂತ ‘ಅನ್‌ಫಿಟ್’ ಅಂತ ಸೀಲು ಒತ್ತಿ ಕೈ ತೊಳೆದುಕೊಳ್ಳಬೇಡ. ಸಂಜೆ ಕೂಲಿ ತಪ್ಪೋದು ಅವಳಿಗೆ. ಮೊದಲು ಫ್ಯಾಕ್ಟರಿಗೆ ಹೋಗು. ಮಟ್ಟೆ ನೆನೆಸಿ ಹಾಕ್ತಾರೋ ಒಣಗಿದ್ದನ್ನೇ ಹಾಕ್ತಾರೋ, ಧೂಳು ಯಾವ ಕಡೆ ಹಾರುತ್ತೆ, ಮೆಷಿನ್ ಪಕ್ಕ ನಿಂತು ಮಾತಾಡಿದರೆ ಕೇಳುತ್ತಾ, ಎಲ್ಲ ನೋಡು. ನೀರು ಚಿಮುಕಿಸಿ, ಜರಡಿಗೆ ಮುಚ್ಚಳ ಮಾಡಿಸಿ, ಇವಳನ್ನು ಹಗ್ಗ ಹೊಸೆಯುವ ಕಡೆ ಹಾಕಿ ಅಂತ ಬರವಣಿಗೆಯಲ್ಲೇ ಕೊಡು.

ಮೆಷಿನ್ ಸದ್ದಿಗೆ ಕಿವಿ ಮಂದವಾಗಿದ್ದರೆ ಅದು ಕಾನೂನಿನ ಪಟ್ಟಿಯಲ್ಲಿರುವ ರೋಗ. ಅದನ್ನು ವರದಿ ಮಾಡುವ ಹೊಣೆಯನ್ನು 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಂ ವೈದ್ಯರ ಹೆಗಲಿಗೇ ಹಾಕಿತ್ತು, ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆಯೂ ಇಳಿಸಿಲ್ಲ. ನಾರಿನ ಧೂಳಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಅದಕ್ಕೇ ಆ ಧೂಳಿನ ಮಾತು ನಿನ್ನ ಚೀಟಿಯಲ್ಲಿ ಇರಬೇಕು ಅನ್ನೋದು.

ಇನ್ನು ಮರದಿಂದ ಬಿದ್ದವರು. "ಮನೇಲಿ ಜಾರಿ ಬಿದ್ದ ಅಂತ ಬರ್ಕೊಳ್ಳಿ, ಪೊಲೀಸು ಗಲಾಟೆ ಯಾಕೆ" ಅಂತ ತೋಟದವರು ಮೆಲ್ಲಗೆ ಹೇಳ್ತಾರೆ. ಕಾಯಿ ಕೀಳುವಾಗ ಬಿದ್ದ ಅಂತಲೇ ಬರಿ. ಯಾವ ತೋಟ, ಎಷ್ಟು ಹೊತ್ತಿಗೆ ಅನ್ನೋದೂ ಸೇರಲಿ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮಾಡಿಸಿದ್ದರೆ ಆ ಸಾಲು ಬೇಕೇ ಬೇಕಾಗುತ್ತೆ. ಒಂದು ಪ್ರತಿ ಅವನ ಹೆಂಡತಿ ಕೈಗೆ ಕೊಟ್ಟು ಕಳಿಸು. ಆಸ್ಪತ್ರೆಯ ಫೈಲಿಗಿಂತ ಅಲ್ಲೇ ಜೋಪಾನ.