ಇಡೀ ಬೇಲೂರು ಬೇಡ, ಒಬ್ಬ ಮದನಿಕೆ ಸಾಕು

ತರಗತಿಯಲ್ಲಿ ಹೊಯ್ಸಳ ಶಿಲ್ಪಕಲೆಯ ಬಗ್ಗೆ ಮಾತಾಡಬೇಕೇ? ಅಷ್ಟು ದೊಡ್ಡ ವಿಷಯಕ್ಕೆ ಕೈಹಾಕಬೇಡಿ. ರಾಜರ ಹೆಸರು ಒಪ್ಪಿಸುವಷ್ಟರಲ್ಲೇ ಗಂಟೆ ಹೊಡೆದಿರುತ್ತದೆ. ಬೇಲೂರು ದೇಗುಲದ ಮದನಿಕೆ ಶಿಲ್ಪಗಳಲ್ಲಿ ದರ್ಪಣ ಸುಂದರಿಯೊಬ್ಬಳನ್ನೇ ಹಿಡಿಯಿರಿ. ಪುಸ್ತಕ ತೆರೆಯುವ ಮುನ್ನ ಅವಳ ಚಿತ್ರವನ್ನು ನಿಧಾನವಾಗಿ ನೋಡಿ, ಕಂಡದ್ದನ್ನೆಲ್ಲ ಬರೆದಿಡಿ: ಕನ್ನಡಿ ಹಿಡಿದ ಕೈ, ಬಳುಕಿದ ನಡು, ಮೈತುಂಬ ಒಡವೆ. ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಇಷ್ಟು ನವಿರು ಕೆತ್ತನೆ ಹೇಗೆ ಸಾಧ್ಯವಾಯಿತು? ಅವಳನ್ನು ಕೆತ್ತಿದ ಬಳಪದ ಕಲ್ಲು ಅಗೆದು ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಕೆತ್ತಿದವರು ಯಾರು? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರಂಥವರು ಇಲ್ಲಿನ ಶಿಲ್ಪಗಳಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ನನಗಂತೂ ದೇಗುಲದ 1117ರ ಇಸವಿಗಿಂತ ಇದೇ ರೋಚಕ. ಇನ್ನು, ತರಗತಿಯಲ್ಲಿ ಮಾತಾಡುವಾಗ ಪರದೆಯ ಮೇಲಿನ ಅಕ್ಷರಗಳನ್ನೇ ಓದಿ ಹೇಳಬೇಡಿ. ಚಿತ್ರ ತೋರಿಸಿ ಅರ್ಧ ನಿಮಿಷ ಸುಮ್ಮನಿರಿ, ಮೊದಲು ಸಹಪಾಠಿಗಳೇ ಮಾತಾಡಲಿ.